ಕಾಂಗೆರ್ಸುಕ್ ಭೂಶಿರದ ಕಲ್ಲುಗುಡ್ಡೆ – ಕಂತು ೭: ಕೂಸಿಗೆ ಸಿಕ್ಕ ಹೆಸರು

“ಸಹಿ ಹಾಕಲ್ಲ ಅಂದೆ. ಇನ್ನೆಷ್ಟು ಸಲ ಹೇಳ್ಬೇಕು?”

“ಟುಕುಮ್ಮೆಕ್, ಕಿರುಚಬೇಡಿ.”

“ಕಿರುಚೋದಾ? ಸಾಹೇಬ್ರೇ, ನಾನಿನ್ನೂ ಕಿರುಚೋಕೆ ಶುರುವೇ ಮಾಡಿಲ್ಲ!”

ಇನ್‌ಸ್ಪೆಕ್ಟರ್ ಪ್ರೆಬೆನ್ ಕಾಗದವನ್ನು ಮತ್ತೆ ನನ್ನ ಕಡೆಗೆ ಸರಿಸಿದ. ಹಿಮದ ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದುಕೊಂಡಿದ್ದ ಆ ಮನುಷ್ಯ ಬೆಳಿಗ್ಗೆ ತಾನೇ ಜಿಲ್ಲೆಯ ಪೇಟೆಯಿಂದ ಹೆಲಿಕಾಪ್ಟರಿನಲ್ಲಿ ಬಂದು ಇಳಿದಿದ್ದ. ಬಂದ ಕೆಲಸ ಒಂದೇ. ಇನುಟೆಕ್ ಹಿಮಗಡ್ಡೆಯ ಮೇಲೆ ತೇಲಿಹೋಗಿ ಕಾಣೆಯಾದ, ಇದು ಆಕಸ್ಮಿಕ, ಹುಡುಕಾಟ ಮುಗಿಯಿತು ಅಂತ ಊರಿನ ಪೊಲೀಸ್ ಆದ ನನ್ನಿಂದ ಬರೆಸಿಕೊಂಡು ಹೋಗುವುದು.

ನಾಯಿಗಳು ಎಳೆಯುವ ಜಾರುಗಾಡಿಯಲ್ಲಿ ಕಾಂಗೆರ್ಸುಕ್ ಭೂಶಿರಕ್ಕೆ ಹೋದವರು ಮೂವರು, ವಾಪಸ್ ಬಂದವರು ಇಬ್ಬರು. ಹಾಗೆ ಬಂದವರು ಡೆನ್ಮಾರ್ಕಿನ ಭೂಗೋಳ ಪಂಡಿತ ಡಾಕ್ಟರ್ ಟೋರ್ನಿಂಗ್ ಮತ್ತು ಇನುಟೆಕ್‌ನ ಹೆಂಡತಿಯ ತಮ್ಮ ಸಾಕೇವುಸ್.

“ಇಬ್ಬರ ಹೇಳಿಕೆಯೂ ಇದೆ,” ಅಂದ ಪ್ರೆಬೆನ್. “ಎರಡೂ ಒಂದೇ ಥರ ಇವೆ. ಭೂಶಿರದ ತುದೀಲಿ ಅವನು ವಾಲ್ರಸ್ ಹೊಡೆಯೋಕೆ ಹಿಮಗಡ್ಡೆಯ ಅಂಚಿಗೆ ಹೋದ. ಗಡ್ಡೆ ಒಡೀತು. ಕಣ್ಣಿಗೆ ಕಾಣೋವರೆಗೂ ಕೈ ಬೀಸ್ತಾ ನಿಂತಿದ್ದ. ಇದರಲ್ಲಿ ನಂಬದೇ ಇರೋದೇನಿದೆ?”

“ಒಂದೇ ಥರ ಇದೆ, ಅದೇ ನನ್ನ ತಕರಾರು. ನಿನ್ನೆ ತಿಂದ ಊಟಾನ ಗಂಡ ಹೆಂಡ್ತಿ ಒಂದೇ ಥರ ಹೇಳಲ್ಲ. ಇವರು ಮಗ್ಗಿ ಒಪ್ಪಿಸ್ದಂಗೆ ಒಪ್ಪಿಸ್ತಾರೆ.”

“ಅದು ಸಾಕ್ಷಿ ಅಲ್ಲ. ಬರೀ ಕೋಪ.”

“ಕೋಪಾನೇ. ನಮ್ಮಪ್ಪ ಕಾಣೆಯಾಗಿದಾನೆ, ನಗ್ತಾ ಕೂತ್ಕೊಳ್ಲಾ?”

ಪ್ರೆಬೆನ್ ನಿಟ್ಟುಸಿರು ಬಿಟ್ಟ. ಇಲ್ಲಿಗೆ ಬಂದು ಎಷ್ಟೋ ವರ್ಷವಾದರೂ ಈ ಲೆಕ್ಕ ಅವನ ತಲೆಗೆ ಹೋಗುವುದಿಲ್ಲ. ಇನುಟೆಕ್ ನನಗಿಂತ ಚಿಕ್ಕವನು. ಆದರೆ ನಮ್ಮಪ್ಪ ತೀರಿಕೊಂಡ ಮೇಲೆ ಊರಲ್ಲಿ ಹುಟ್ಟಿದ ಮೊದಲ ಕೂಸು ಅವನು. ಅಪ್ಪನ ಹೆಸರು ಅವನಿಗೆ ಸೇರಿತು, ಹೆಸರಿನ ಜೊತೆ ಅಪ್ಪನೂ ಸೇರಿದ. ಮೂಗು ಸೋರಿಸಿಕೊಂಡು ಅಂಬೆಗಾಲಿಡುವಾಗಲೇ ನಾನು ಅವನನ್ನು ಅಪ್ಪಾ ಅಂತ ಕರೆದವಳು. ಅವನ ಹೆಂಡತಿ ಐಮಾ, ನನ್ನ ಕೈಲಿ ಜಡೆ ಹಾಕಿಸಿಕೊಂಡು ಬೆಳೆದವಳು, ಈಗ ನನ್ನನ್ನು ಮಗಳೇ ಅನ್ನುತ್ತಾಳೆ. ಒಬ್ಬ ಅಪ್ಪನನ್ನು ಎರಡು ಸಲ ಕಳೆದುಕೊಳ್ಳಲು ನಾನು ತಯಾರಿಲ್ಲ. ಬದುಕಿದ್ದರೆ ಕರೆತರಬೇಕು, ಸತ್ತಿದ್ದರೆ ಯಾಕೆ ಸತ್ತ ಅಂತ ತಿಳಿಯಬೇಕು. ಈ ಕಾಗದಕ್ಕೆ ಸಹಿ ಬಿದ್ದರೆ ಎರಡೂ ಮುಗಿದ ಹಾಗೆ.

“ಸಾಕ್ಷಿ ಬೇಕಲ್ಲ? ಬನ್ನಿ ಇಲ್ಲಿ.”

ಶಾಲೆಯ ಹಿಂದಿನ ಕೋಣೆಯೇ ನನ್ನ ಠಾಣೆ. ಗೋಡೆಯ ಮೇಲೆ ಹಿಂದಿನ ಮೇಷ್ಟ್ರು ತೆಗೆದ ಕಾಂಗೆರ್ಸುಕ್ ಶಿಖರದ ಹಳೇ ಫೋಟೋ ಇತ್ತು. ಪಕ್ಕದಲ್ಲಿ ಟೋರ್ನಿಂಗ್ ಈ ಸಲ ತೆಗೆದ ಫೋಟೋ ಹಿಡಿದೆ. ಎರಡರಲ್ಲೂ ಅದೇ ಕರೀ ಬಂಡೆ, ಅದೇ ಕಲ್ಲುಗುಡ್ಡೆ. ಹೊಸದರಲ್ಲಿ ಗುಡ್ಡೆಯ ಎದೆಗೆ ಹಿತ್ತಾಳೆ ಫಲಕ ಬಿಗಿದಿತ್ತು. ‘ಈ ಭೂಶಿರವನ್ನು ಏರಿದ ಮೊದಲ ಮನುಷ್ಯ ಕ್ಯಾಪ್ಟನ್ ಲಿಂಡ್‌ಹೋಲ್ಟ್ ನಿಲ್ಲಿಸಿದ ಗುರುತು.’

ಮೊದಲ ಮನುಷ್ಯನಂತೆ! ನಮ್ಮ ಅಜ್ಜಿಯರು ಆ ಇಳಿಜಾರಿನಲ್ಲಿ ಕೋಲುಬಲೆ ಬೀಸಿ ಹಕ್ಕಿ ಹಿಡಿಯುತ್ತಿದ್ದದ್ದು ಮನುಷ್ಯರಾಗಿಯೋ, ನರಿಗಳಾಗಿಯೋ?

ಮೂರು ಕಡೆ ಕಡಲು, ಬೆನ್ನಿಗೆ ಹಿಮನದಿ. ತುದಿಯಲ್ಲಿ ಪ್ರವಾಹ ಎಷ್ಟು ಜೋರೆಂದರೆ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟದು, ಹಡಗು ಹತ್ತಿರ ಬಂದರೆ ಬಂಡೆಗೆ ಬಡಿದು ಚೂರು. ಮೇಲೆ ಹತ್ತುವ ದಾರಿ ಒಂದೇ, ಮೂಡಣದ ಕೊರಕಲು. ಅಲ್ಲಿಗೆ ಹೋಗಬೇಕಾದರೆ ವಸಂತದಲ್ಲಿ ಹೆಪ್ಪುಗಟ್ಟಿದ ಕಡಲಿನ ಮೇಲೆ ನಾಯಿ ಕಟ್ಟಿಕೊಂಡೇ ಹೋಗಬೇಕು. ಕ್ಯಾಪ್ಟನ್ ಬಂದದ್ದು ಬೇಸಿಗೆಯಲ್ಲಿ, ಹಡಗಿನಲ್ಲಿ. ದೂರದಿಂದ ಮಂಜಿನಲ್ಲಿ ನೋಡಿ, ಹತ್ತಿದೆ ಅಂತ ಊರಿಗೆ ಹೋಗಿ ಬರೆದುಕೊಂಡ. ನಕ್ಷೆಯವರು ಅವನ ಹೆಸರನ್ನೇ ಇಟ್ಟರು. ಹೀಗಂತ ಇನುಟೆಕ್ ಎಲ್ಲರ ಮುಂದೆ ಹೇಳುತ್ತಿದ್ದ. ಟೋರ್ನಿಂಗ್ ಬಂದದ್ದೇ ಇನುಟೆಕ್‌ನ ಈ ಮಾತು ಸುಳ್ಳು ಅಂತ ತೋರಿಸಲು.

“ಕಲ್ಲು ನೋಡಿ,” ಅಂದೆ. “ಹಳೇ ಫೋಟೋದಲ್ಲಿ ಕಲ್ಲುಹೂವು ಹೊರಗಡೆ ಇದೆ. ಹೊಸದರಲ್ಲಿ ಬೋಳು ಮೈ ಹೊರಗಡೆ. ಕಿತ್ತು ಮತ್ತೆ ಕಟ್ಟಿದಾರೆ.”

“ಹೌದು. ಕ್ಯಾಪ್ಟನ್ ಇಟ್ಟ ಡಬ್ಬಿ ತೆಗೆಯೋಕೆ ಕಿತ್ತರು. ಹೇಳಿಕೇಲೇ ಇದೆಯಲ್ಲ.”

“ಅಂಗೈಯಗಲದ ಡಬ್ಬಿಗೆ ಮೇಲಿನ ನಾಲ್ಕು ಕಲ್ಲು ಎತ್ತಿದ್ರೆ ಸಾಕು. ಇವರು ಬುಡದವರೆಗೂ ಕೆಡವಿದಾರೆ. ಅಷ್ಟೇ ಅಲ್ಲ, ಮೊದಲು ಸೊಂಟದಷ್ಟಗಲ ಇದ್ದ ಗುಡ್ಡೆ ಈಗ ಮಂಚದಷ್ಟು ಉದ್ದ ಆಗಿದೆ. ಯಾಕೆ?”

ಪ್ರೆಬೆನ್ ಎರಡೂ ಫೋಟೋ ಹತ್ತಿರದಿಂದ ನೋಡಿದ. ಆಮೇಲೆ ಟೋಪಿ ಎತ್ತಿಕೊಂಡ. “ಫಲಕ ಗಟ್ಟಿ ನಿಲ್ಲಲಿ ಅಂತ ಕಲ್ಲು ಸೇರಿಸಿರಬಹುದು. ನೋಡಿ, ಮಂಜು ಬರ್ತಿದೆ ಅಂತ ಪೈಲಟ್ ಅವಸರ ಮಾಡ್ತಿದಾನೆ. ಸಾಕೇವುಸ್‌ನ ತಾಯಿ ನಾದುಕ್ ಮನೇಲಿ ಹೊಸ ಕೂಸು ನೋಡೋಕೆ ನನ್ನನ್ನೂ ಕರೆದಿದಾರೆ. ಕಾಫಿ ಕುಡಿದು ಹೊರಡ್ತೀನಿ, ಟೋರ್ನಿಂಗ್ ನನ್ನ ಜೊತೆ ಬರ್ತಾರೆ. ಅಷ್ಟರಲ್ಲಿ ಸಹಿ ಬೀಳಲಿಲ್ಲ ಅಂದ್ರೆ ನಿಮ್ಮ ಕೆಲಸದ ಬಗ್ಗೆ ಮೇಲಕ್ಕೆ ಬರೀಬೇಕಾಗುತ್ತೆ.”

“ಬರೀರಿ. ಕಾಗುಣಿತ ತಪ್ಪದ ಹಾಗೆ ಬರೀರಿ.”

ನಾದುಕ್ ಮನೆಯ ಬಾಗಿಲಲ್ಲಿ ಬೂಟುಗಳ ರಾಶಿ. ಸಾಕೇವುಸ್‌ಗೆ ಗಂಡು ಕೂಸು ಹುಟ್ಟಿದೆ ಅಂತ ಊರಿಗೆ ಊರೇ ಕಾಫಿಗೆ ಬಂದಿತ್ತು. ಮೇಜಿನ ಮೇಲೆ ಕೇಕು, ಒಣಮೀನು, ತಿಮಿಂಗಿಲದ ಚರ್ಮದ ತುಂಡುಗಳು. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು. ಟೋರ್ನಿಂಗ್ ಮಾತ್ರ ಎದ್ದಿರಲಿಲ್ಲ. ಗಡ್ಡದಲ್ಲಿ ಕೇಕಿನ ಪುಡಿ, ತೊಡೆಯ ಮೇಲೆ ತುಕ್ಕು ಹಿಡಿದ ತಗಡಿನ ಡಬ್ಬಿ. ಎಲ್ಲರೂ ಕೂಸನ್ನು ಮುದ್ದಿಸಲು ಬಂದಿದ್ದರೆ ಅವನು ಡಬ್ಬಿಯನ್ನು ಮುದ್ದಿಸುತ್ತಿದ್ದ.

“ಬನ್ನಿ ಟುಕುಮ್ಮೆಕ್, ಚರಿತ್ರೆ ನೋಡಿ,” ಅಂತ ಡಬ್ಬಿ ಚಾಚಿದ.

“ನೋಡಿದೀನಿ. ನಮ್ಮನೇಲಿ ಮೊಳೆ ಹಾಕಿಡೋಕೆ ಇಂಥದ್ದೇ ಇದೆ.”

ನಗು ಎದ್ದಿತು. ಅವನ ಮುಖ ಕೆಂಪಾಯಿತು.

ಐಮಾ ಅಲ್ಲಿರಲಿಲ್ಲ. ಸ್ವಂತ ತಮ್ಮನ ಕೂಸು ಹುಟ್ಟಿದರೂ, ಗಂಡ ಕಡಲ ಮೇಲಿರುವಾಗ ಹಬ್ಬದ ಕಾಫಿ ಕುಡಿಯಲ್ಲ ಅಂತ ಹಟ ಹಿಡಿದು ದಂಡೆಯ ಕಡೆಯ ತನ್ನ ಮನೆಯಲ್ಲಿ ಕೂತಿದ್ದಳು. ಅವನು ಬರುತ್ತಾನೆ ಅಂತ ಊರಲ್ಲಿ ಗಟ್ಟಿಯಾಗಿ ನಂಬಿದ್ದವಳು ಅವಳೊಬ್ಬಳೇ. ಅವಳ ಜೊತೆ ನಾನೂ ನಂಬಿದ್ದೆ, ಆ ಕ್ಷಣದವರೆಗೆ.

ಒಳಕೋಣೆಯಲ್ಲಿ ನಾದುಕ್ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಐಮಾ, ಸಾಕೇವುಸ್ ಇಬ್ಬರನ್ನೂ ಹೆತ್ತ ಮುದುಕಿ. ಕಿವಿ ಮಂದ. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ತಿಳಿಯಲಿಲ್ಲ.

“ಸಾಕು ಸಾಕು, ಬಿಕ್ಕಬೇಡಿ,” ಅನ್ನುತ್ತಿದ್ದಳು ಕೂಸಿಗೆ. “ಹಾಲು ನಿಧಾನಕ್ಕೆ ಕುಡೀಬೇಕು ಅಳಿಯಂದ್ರೇ. ಯಾವಾಗಲೂ ನಿಮ್ಮದು ಅವಸರ.”

ನಾನು ಮುಂದಿಟ್ಟ ಹೆಜ್ಜೆ ಹಿಂದಕ್ಕೆ ತೆಗೆದೆ.

ಮಗನ ಮಗನನ್ನು ಅಳಿಯಂದ್ರೇ ಅನ್ನುತ್ತಿದ್ದಾಳೆ. ನಾದುಕ್‌ಗೆ ಇರುವ ಅಳಿಯ ಒಬ್ಬನೇ, ಇನುಟೆಕ್.

ನಮ್ಮಲ್ಲಿ ಹೆಸರು ಸತ್ತವರಿಂದಲೇ ಬರಬೇಕು. ಬದುಕಿರುವವನ ಹೆಸರನ್ನು ಕೂಸಿಗೆ ಇಡುವುದೆಂದರೆ ಅವನ ಜೀವವನ್ನು ಹಾಡುಹಗಲೇ ಕಿತ್ತುಕೊಂಡಂತೆ. ಎಂಥ ಕುಡುಕನೂ ಆ ಕೆಲಸ ಮಾಡಲಾರ. ಹಿಮಗಡ್ಡೆಯ ಮೇಲೆ ಕೈ ಬೀಸುತ್ತಾ ತೇಲಿಹೋದವನಿಗಾಗಿ ವರ್ಷಗಟ್ಟಲೆ ಕಾಯುತ್ತೇವೆ, ಹೆಸರು ಮುಟ್ಟುವುದಿಲ್ಲ.

“ನಾದುಕಮ್ಮ.”

ಮುದುಕಿ ಬೆಚ್ಚಿದಳು. ಕೂಸನ್ನು ಎದೆಗೊತ್ತಿಕೊಂಡಳು.

“ಕೂಸಿಗೆ ಹೆಸರಿಟ್ಟವರು ಯಾರು?”

“ಹೆಸರಾ? ಇನ್ನೂ ಪಾದ್ರಿ ಬರ್ಬೇಕು, ನೀರು ಚಿಮುಕಿಸ್ಬೇಕು…”

“ಪಾದ್ರಿ ಇಡೋ ಹೆಸರು ಕೇಳ್ಲಿಲ್ಲ. ಈಗ ಕರೆದ್ಯಲ್ಲ, ಅದು.”

ಹೊರಗಡೆ ಯಾರೋ ಕಪ್ಪು ಕೆಳಗೆ ಬೀಳಿಸಿದರು, ನಗು ಕೇಳಿಸಿತು.

“ಹುಟ್ಟಿದಾಗಿನಿಂದ ಒಂದೇ ಸಮ ಅಳು, ಮಗಳೇ. ಮೊಲೆ ಹಿಡೀಲಿಲ್ಲ. ಹೆಸರಿಗೆ ಅಳ್ತಿದೆ ಅಂತ ನನಗೆ ಗೊತ್ತು. ಸತ್ತವರ ಹೆಸರೆಲ್ಲ ಒಂದೊಂದಾಗಿ ಹೇಳಿದೆ, ಒಂದಕ್ಕೂ ಸುಮ್ಮನಾಗ್ಲಿಲ್ಲ. ಆಮೇಲೆ ಇವನು ಬಂದ. ನನ್ನ ಮಗ. ಬೆರಳು ನೀರಿಗದ್ದಿ ಕೂಸಿನ ತುಟಿಗಿಟ್ಟ. ಕಿವೀಲಿ ಹೇಳಿದ.” ಅವಳು ಕಣ್ಣೊರೆಸಿಕೊಂಡಳು. “ದೀಪ ಆರ್ದಂಗೆ ಅಳು ನಿಂತ್ಹೋಯ್ತು.”

“ನಿನಗೆ ಅರ್ಥ ಆಯ್ತಲ್ಲ?”

“ಆಗದೇ ಇರುತ್ತಾ?”

“ಕೇಳ್ಲಿಲ್ವಾ ಮಗನ್ನ? ಎಲ್ಲಿ ಸತ್ತ, ಹೇಗೆ ಸತ್ತ ಅಂತ?”

“ಕೇಳಿದ್ರೆ ಹೇಳಿಬಿಡ್ತಾನೆ!” ಮುದುಕಿ ಸಿಡಿದಳು. “ಒಬ್ಬಳು ಮಗಳು ಕಿಟಕಿ ಹತ್ರ ಕೂತು ಕಡಲು ನೋಡ್ತಿದಾಳೆ. ಒಬ್ಬ ಮಗನ್ನ ನೀನು ಕೋಳ ಹಾಕಿ ಕರ್ಕೊಂಡು ಹೋಗ್ತೀಯ. ನಾನು ಯಾರಿಗೆ ತಾಯಿ ಆಗ್ಲಿ, ನೀನೇ ಹೇಳು!”

ಕೂಸಿನ ಮುಖ ನೋಡಿದೆ. ಬಾಗಿ, ಅಪ್ಪಾ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಅಂದರೆ ನಾನೂ ಒಪ್ಪಿಕೊಂಡಂತೆ.

ಹಿತ್ತಿಲ ಬಾಗಿಲಿಂದ ಹೊರಗೆ ಬಂದೆ.

ಮಾಂಸ ಒಣಹಾಕುವ ಅಟ್ಟಣಿಗೆಯ ಕೆಳಗೆ ಸಾಕೇವುಸ್ ಬರಿಮೈಗೆ ಉಣ್ಣೆಯಂಗಿ ತೊಟ್ಟು ನಾಯಿಗಳಿಗೆ ವಾಲ್ರಸ್ ಮಾಂಸ ಕಡಿಯುತ್ತಿದ್ದ. ನಾಯಿಗಳು ಸರಪಳಿ ಜಗ್ಗಿ ಬೊಗಳುತ್ತಿದ್ದವು. ಮಂಜು ಕಡಲ ಕಡೆಯಿಂದ ಊರಿನೊಳಕ್ಕೆ ನುಸುಳತೊಡಗಿತ್ತು.

“ಮಗನ ಹಬ್ಬಕ್ಕೆ ಅಪ್ಪನೇ ಹೊರಗಾ?” ಅಂದೆ.

“ನಾಯಿಗಳಿಗೆ ಹಬ್ಬ ಗೊತ್ತಾಗುತ್ತಾ ಅಕ್ಕ? ಹಸಿವೆ ಗೊತ್ತು.”

“ಕೂಸು ಅಳು ನಿಲ್ಲಿಸ್ತಂತೆ.”

ಕೊಡಲಿ ಅರ್ಧಕ್ಕೆ ನಿಂತಿತು. “ಹ್ಞೂಂ.”

“ಏನು ಹೆಸರು ಹೇಳ್ದೆ?”

“ಯಾವುದೋ ಬಾಯಿಗೆ ಬಂದದ್ದು.”

“ಬಾಯಿಗೆ ಬಂದದ್ದಾ! ಹಾಗಾದ್ರೆ ಬಾ ಒಳಗೆ. ಬದುಕಿರೋ ಭಾವನ ಜೀವ ಕಿತ್ತು ನನ್ನ ಮಗನ ಬಾಯಿಗೆ ಹಾಕಿದೀನಿ ಅಂತ ಎಲ್ಲರ ಮುಂದೆ ಹೇಳು. ನಿಮ್ಮಕ್ಕನ್ನೂ ಕರೆಸ್ತೀನಿ. ನಡಿ!”

“ಅಕ್ಕ, ಮೆತ್ತಗೆ…”

“ಯಾಕೆ ಮೆತ್ತಗೆ? ಅವನು ಕೈ ಬೀಸ್ತಿದ್ದ ಅಂತ ನನ್ನ ಮೇಜಿನ ಮುಂದೆ ಕೂತು ಹೇಳಿದವನು ನೀನು. ಒಂದೋ ಆ ಮಾತು ಸುಳ್ಳು, ಇಲ್ಲಾಂದ್ರೆ ನೀನು ನಿಮ್ಮಕ್ಕನ ಗಂಡನ್ನ ಮೊನ್ನೆ ಆ ತೊಟ್ಟಿಲ ಪಕ್ಕ ಕೊಂದೆ. ಯಾವುದು? ಆರಿಸ್ಕೋ!”

ಅವನು ಕೊಡಲಿಯನ್ನು ಮರದ ತುಂಡಿಗೆ ಜೋರಾಗಿ ಹೊಡೆದು ನಿಲ್ಲಿಸಿದ. ತಲೆ ಎತ್ತಿದಾಗ ಅವನ ಕಣ್ಣಲ್ಲಿ ನಾಚಿಕೆ ಇರಲಿಲ್ಲ. ಬೆಂಕಿ ಇತ್ತು.

“ಹೌದು, ಇಟ್ಟೆ! ಅವನ ಹೆಸರೇ ಇಟ್ಟೆ. ನೀನು ಹಿಡೀತೀಯ ಅಂತ ಗೊತ್ತಿತ್ತು. ಹಿಡಿದ್ರೆ ಹಿಡೀಲಿ ಅಂತಲೇ ಇಟ್ಟೆ. ನನ್ನ ಭಾವ ಆ ಬಂಡೆ ಮೇಲೆ ಹೆಸರಿಲ್ಲದೆ ಗಾಳೀಲಿ ಅಲೀತಾ ಇರ್ಬೇಕಾ? ಮೇಲೆ ಇನ್ನೊಬ್ಬನ ಹೆಸರಿನ ಹಿತ್ತಾಳೆ ಬೇರೆ!”

“ಎಲ್ಲಿದಾನೆ?”

“ಗೊತ್ತಾಗ್ಲಿಲ್ವಾ ಇನ್ನೂ? ಫೋಟೋ ದಿನಾ ನೋಡ್ತೀಯಲ್ಲ.”

ಮಂಚದಷ್ಟು ಉದ್ದದ ಗುಡ್ಡೆ. ಅದರಡಿಯಲ್ಲೇ ಇನುಟೆಕ್. ಮರದ ಕಂಬ ಹಿಡಿದುಕೊಂಡೆ.

“ಗುಡ್ಡೆ ಬಿಚ್ಚಿದ್ವಿ,” ಅಂದ ಅವನು, ದನಿ ತಗ್ಗಿಸಿ. “ಬುಡದವರೆಗೂ ಬಿಚ್ಚಿದ್ವಿ. ಏನೂ ಇರ್ಲಿಲ್ಲ ಅಕ್ಕ. ಡಬ್ಬಿ ಇಲ್ಲ, ಬಾವುಟ ಇಲ್ಲ. ಮಾಂಸ ಕೂಡಿಡೋಕೆ ನಮ್ಮವರೇ ಕಟ್ಟಿದ ಹಳೇ ಗೂಡು ಅದು, ತಳದಲ್ಲಿ ಸೀಲ್ ಮೂಳೆ ಇದ್ವು. ಆಗ ಡಾಕ್ಟರು ತನ್ನ ಚೀಲದಿಂದ ಡಬ್ಬಿ ತೆಗೆದ.”

“ಚೀಲದಿಂದಲಾ? ಜೊತೇಲೇ ತಂದಿದ್ನಾ?”

“ತಂದಿದ್ದ. ತುಕ್ಕು ಸಮೇತ. ಭಾವ ನಕ್ಕ. ಅವನ ನಗು ನಿನಗೆ ಗೊತ್ತಲ್ಲ, ಹಕ್ಕಿ ಎಲ್ಲ ಎದ್ದುಹೋಗೋ ನಗು. ಊರಿಗೆಲ್ಲ ಹೇಳ್ತೀನಿ, ಹಡಗಿಗೆಲ್ಲ ಹೇಳ್ತೀನಿ ಅಂದ. ನಾಯಿಗಳು ಕಚ್ಚಾಡ್ತಿದ್ವು ಅಂತ ನಾನು ಕೊರಕಲಿನಲ್ಲಿ ಇಳಿದೆ. ಕೆಳಗಿನಿಂದ ನಗು ಕೇಳಿಸ್ತಾನೇ ಇತ್ತು. ಆಮೇಲೆ ನಿಂತ್ಹೋಯ್ತು. ಹತ್ತಿ ಹೋದಾಗ ತಲೆ ಒಡೆದು ಬಿದ್ದಿದ್ದ.”

“ಟೋರ್ನಿಂಗ್ ಹೊಡೆದ್ನಾ?”

ಸಾಕೇವುಸ್ ತಲೆಯಾಡಿಸಿದ. ಹೌದೋ ಅಲ್ಲವೋ ತಿಳಿಯದ ಹಾಗೆ.

“ಬಾಯಿ ಬಿಡು! ಆ ಮುದ್ದೆ ಮನುಷ್ಯನಿಗೆ ಹೆದರಿ ಸುಳ್ಳು ಹೇಳಿದ್ಯಾ? ನಾಚಿಕೆ ಇಲ್ವಾ?”

“ಅವನಿಗೆ ಯಾರು ಹೆದರ್ತಾರೆ!” ಅವನು ಉಗಿದ. “ಮೇಲೆ ಅವನೊಬ್ಬನೇ ಇರ್ಲಿಲ್ಲ ಅಕ್ಕ. ನಮಗಿಂತ ಮೊದಲೇ ಅಲ್ಲಿ ಇನ್ನೊಬ್ರು ಬಂದು ಕೂತಿದ್ರು. ಅದಕ್ಕೇ ನನ್ನ ಬಾಯಿ ಕಟ್ಟಿದ್ದು.”

“ಯಾರು?”

“ಮೊದಲು ಐಮಾಗೆ ಹೇಳ್ತೀನಿ.”

“ಪೊಲೀಸು ನಾನು!”

“ಹೆಂಡ್ತಿ ಅವಳು. ಗಂಡ ಸತ್ತ ಅಂತ ಅವಳಿಗಿಂತ ಮೊದಲು ನಿನಗೆ ಹೇಳಿದ್ದೇ ತಪ್ಪು. ಆ ಹೆಸರನ್ನಾದ್ರೂ ಅವಳು ಮೊದಲು ಕೇಳ್ಲಿ. ಕರ್ಕೊಂಡು ಬರ್ತೀನಿ. ಎಲ್ಲರ ಮುಂದೆ, ಆ ಡಬ್ಬಿ ಇಟ್ಕೊಂಡು ಕೂತಿದಾನಲ್ಲ, ಅವನ ಮುಂದೆ ಹೇಳ್ತೀನಿ. ಆಮೇಲೆ ಕೋಳ ಹಾಕು, ಏನು ಬೇಕಾದ್ರೂ ಮಾಡು.”

ಐಮಾಳ ಮನೆ ಅಲ್ಲೇ, ಕೂಗಿದರೆ ಕೇಳುವಷ್ಟು ದೂರ. ಅವನು ಹೇಳಿದ್ದರಲ್ಲಿ ನ್ಯಾಯ ಇತ್ತು.

“ಹೋಗು,” ಅಂದೆ. “ಬೇಗ ಬಾ.”

ಅವನು ರಕ್ತದ ಕೈಯನ್ನು ಹಿಮದಲ್ಲಿ ಉಜ್ಜಿಕೊಂಡು ಹೊರಟ. ಕೋಟು ಕೂಡ ತೊಡಲಿಲ್ಲ. ಮಂಜಿನಲ್ಲಿ ಅವನ ಬೆನ್ನು ಬೂದು ನೆರಳಾಗಿ, ಆಮೇಲೆ ಏನೂ ಇಲ್ಲವಾಯಿತು.

ನಾನು ಒಳಗೆ ನುಗ್ಗಿದೆ. ಪ್ರೆಬೆನ್ ಕಪ್ಪು ಕೆಳಗಿಟ್ಟು ಗಡಿಯಾರ ನೋಡುತ್ತಿದ್ದ. ಟೋರ್ನಿಂಗ್ ಕೋಟಿನ ಗುಂಡಿ ಹಾಕುತ್ತಿದ್ದ.

“ಕೂತ್ಕೊಳ್ಳಿ ಡಾಕ್ಟ್ರೇ. ಎಲ್ಲೂ ಹೋಗಲ್ಲ ನೀವು.” ಅವನ ಮುಂದಿನ ಮೇಜಿನಿಂದ ಡಬ್ಬಿ ಎತ್ತಿಕೊಂಡೆ. “ಇದು ಪೊಲೀಸ್ ವಶಕ್ಕೆ.”

“ಇನ್‌ಸ್ಪೆಕ್ಟರ್! ಇದು ರಾಷ್ಟ್ರದ ಆಸ್ತಿ!”

“ರಾಷ್ಟ್ರ ಬಂದು ಕೇಳ್ಲಿ, ಕೊಡ್ತೀನಿ.”

ಪ್ರೆಬೆನ್ ನನ್ನ ಮುಂದೆ ಬಂದು ನಿಂತ. “ಟುಕುಮ್ಮೆಕ್, ಇದು ಅತಿಯಾಯ್ತು. ದಾರಿ ಬಿಡಿ.”

ನಾನು ಬಾಗಿಲಿಗೆ ಅಡ್ಡ ಸ್ಟೂಲು ಎಳೆದು ಕೂತೆ. “ನನ್ನ ತುಳಿದುಕೊಂಡು ಹೋಗ್ಬೇಕು ಸಾಹೇಬ್ರೇ. ನಾನು ತೆಳ್ಳಗೇನೂ ಇಲ್ಲ. ಅಥವಾ ಕೂತು ಇನ್ನೊಂದು ಕಪ್ಪು ಕಾಫಿ ಕುಡೀರಿ. ನಿಮ್ಮ ಎರಡು ಹೇಳಿಕೇಲಿ ಒಂದು ಈಗ ಬದಲಾಗುತ್ತೆ.”

ಟೋರ್ನಿಂಗ್ ಮೆಲ್ಲಗೆ ಕೂತ. ನಾನು ಅವನನ್ನೇ ನೋಡುತ್ತಿದ್ದೆ. ಆದರೆ ಅವನು ನೋಡುತ್ತಿದ್ದದ್ದು ನನ್ನನ್ನಲ್ಲ, ಕಿಟಕಿಯನ್ನು.

ನಾದುಕ್ ಕಾಫಿ ಸುರಿದಳು. ಯಾರೂ ಕುಡಿಯಲಿಲ್ಲ. ಹೊರಗೆ ಮಂಜು ಗಾಜಿಗೆ ಅಂಟಿಕೊಂಡಿತು. ಪೈಲಟ್ ಬಂದು ಇನ್ನು ಇವತ್ತು ಹಾರುವ ಮಾತೇ ಇಲ್ಲ ಅಂತ ಹೇಳಿ, ಸಿಕ್ಕ ಜಾಗದಲ್ಲಿ ಕೂತು ಕೇಕಿಗೆ ಕೈ ಹಾಕಿದ.

ಕೊನೆಗೆ ಬಾಗಿಲು ತಟ್ಟಿದ ಸದ್ದು. ಸ್ಟೂಲು ಸರಿಸಿ ತೆರೆದೆ.

ಐಮಾ. ಒಬ್ಬಳೇ.

“ನಾಯಿಗಳು ಯಾಕೆ ಹಾಗೆ ಊಳಿಡ್ತಿವೆ ಮಗಳೇ? ಕಡಿದ ಮಾಂಸ ಹಾಗೇ ಬಿದ್ದಿದೆ. ನಮ್ಮ ಹುಡುಗ ಎಲ್ಲಿ?”

“ನಿನ್ನ ಕರೆಯೋಕೆ ಬಂದ್ನಲ್ಲ!”

“ಸಾಕೇವುಸಾ? ನಮ್ಮನೆಗೆ ಯಾರೂ ಬಂದಿಲ್ಲ.”

ನಾನು ಅವಳನ್ನು ತಳ್ಳಿಕೊಂಡೇ ಓಡಿದೆ. ಪ್ರೆಬೆನ್ ನನ್ನ ಹಿಂದೆ ಬಂದ, ಅವನ ಹಿಂದೆ ಐಮಾ. ಅಟ್ಟಣಿಗೆಯ ಕೆಳಗೆ ಕೊಡಲಿ ಹಾಗೇ ಇತ್ತು. ನಾಯಿಗಳೆಲ್ಲ ಸರಪಳಿಯಲ್ಲಿದ್ದವು, ಜಾರುಗಾಡಿ ಗೋಡೆಗೊರಗಿತ್ತು, ಕೋಟು ಮೊಳೆಯಲ್ಲಿ ತೂಗುತ್ತಿತ್ತು. ಒದ್ದೆ ಹಿಮದಲ್ಲಿ ಅವನ ಹೆಜ್ಜೆ ಐಮಾಳ ಮನೆಯ ಕಡೆಗೇ ನೆಟ್ಟಗೆ ಹೋಗಿತ್ತು. ಅವಳ ಕಟ್ಟಿಗೆ ಗೂಡಿನ ಹತ್ತಿರ ನಿಂತಿತ್ತು, ತಿರುಗಿತ್ತು.

ಅಲ್ಲಿಂದ ಹೆಜ್ಜೆಗಳು ಜೋಡಿಯಾಗಿದ್ದವು. ಪಕ್ಕಪಕ್ಕದಲ್ಲಿ, ಜಗಳವಿಲ್ಲ, ಎಳೆದಾಟವಿಲ್ಲ, ಇಬ್ಬರು ಗೆಳೆಯರು ನಡೆದ ಹಾಗೆ, ಹೆಪ್ಪುಗಟ್ಟಿದ ಕಡಲ ಮೇಲೆ ಕಾಂಗೆರ್ಸುಕ್ ದಿಕ್ಕಿಗೆ.

“ಟೋರ್ನಿಂಗ್ ಒಳಗೇ ಇದ್ದ,” ಅಂದ ಪ್ರೆಬೆನ್, ತನಗೇ ಹೇಳಿಕೊಳ್ಳುವಂತೆ. “ನಮ್ಮ ಕಣ್ಣ ಮುಂದೇ ಇದ್ದ.”

ಎರಡನೆಯ ಹೆಜ್ಜೆ ಪೇಟೆಯ ಬೂಟಿನದಲ್ಲ. ಹಿಮ್ಮಡಿ ಇಲ್ಲದ ನುಣುಪು ಗುರುತು, ಸೀಲ್ ತೊಗಲಿನ ಬೂಟು. ನಮ್ಮವರದು.

ಐಮಾ ಮಂಡಿಯೂರಿ ಆ ಗುರುತಿನ ಮೇಲೆ ಬಾಗಿದಳು. ಎಡ ಅಂಗಾಲಿನ ನಡುವೆ ಎಲೆಯಾಕಾರದ ತೇಪೆಯ ಅಚ್ಚು ಮೂಡಿತ್ತು. ಅವಳು ಬೆರಳಿಟ್ಟು ಹೊಲಿಗೆಯ ಸಾಲು ಮುಟ್ಟಿದಳು. ಮತ್ತೆ ಮುಟ್ಟಿದಳು. ಎದ್ದಾಗ ಅವಳ ಮುಖದಲ್ಲಿ ನಗು ಇತ್ತು.

“ಇದು ನನ್ನ ಹೊಲಿಗೆ,” ಅಂದಳು. “ಹೊರಡೋ ದಿನ ಬೆಳಿಗ್ಗೆ ತೇಪೆ ಹಾಕಿ ಕೊಟ್ಟೆ. ನನ್ನ ಗಂಡನ ಬೂಟು.”

ನಾನು ಹೆಪ್ಪುಗಟ್ಟಿದ ಕಡಲ ಅಂಚಿಗೆ ಓಡಿ, ಎದೆ ಬಿರಿಯುವಂತೆ ಸಾಕೇವುಸ್‌ನ ಹೆಸರು ಕೂಗಿದೆ. ಹಿಂದೆ ನಾಯಿಗಳು ಊಳಿಟ್ಟವು. ಮುಂದೆ ಮಂಜು.

ಆ ಹುಡುಗ ತಿರುಗಿ ಬರಲಿಲ್ಲ.